ಯುದ್ಧ ನಿಲ್ಲಿಸಿದ ನನ್ನ ಮಾವ

ಎಲ್ಲೋ ದೂರದಲ್ಲಿ ಹತ್ತಿಕೊಂಡಿದ್ದ ಆ ಯುದ್ಧ ನಿಂತದ್ದು ಮೂಡುಬಿದಿರೆಯ ಬಸ್‌ಸ್ಟ್ಯಾಂಡಿನ ಹತ್ತಿರ ಬಾಳೆಹಣ್ಣಿನ ಬನ್ಸ್ ಕರಿದು ಮಾರುವ ನನ್ನ ಸೋದರಮಾವನಿಂದ ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ. ನಾನೂ ನಂಬಿಲ್ಲ. ಆದರೆ ಮಾವ ನಂಬಿದ್ದಾರೆ. ಮಾವ ನಂಬಿದ್ದನ್ನು ಅಲ್ಲವೆಂದು ವಾದಿಸಿ ಗೆದ್ದು ಬಂದವರು ನಮ್ಮ ಕುಟುಂಬದಲ್ಲಿ ಇನ್ನೂ ಹುಟ್ಟಿಲ್ಲ!

ಮಾವನಿಗೆ ಒಂದು ಕಾಯಿಲೆ ಇದೆ. ಯಾರು ಏನೇ ಹೇಳಲಿ, ಅದಕ್ಕೆ ಎದುರು ಹೇಳಲೇಬೇಕು. ಅವರ ಹೋಟೆಲಿಗೆ ಬಂದ ಗಿರಾಕಿಯೊಬ್ಬರು ಪಾಪ, "ಚಾ ತಣ್ಣಗೆ ಉಂಟಲ್ಲ" ಎಂದರೆನ್ನಿ. ಮುಗಿಯಿತು!

"ತಣ್ಣಗೆ ಅಂದರೆ ಎಂತ? ಬಾವಿಯ ನೀರಿಗಿಂತ ಇದು ಬಿಸಿ ಅಲ್ಲವಾ? ಕುದಿಯುವ ಚಾ ಕೊಟ್ಟು ನಿಮ್ಮ ನಾಲಗೆ ಸುಟ್ಟರೆ ಬೈಯುವುದು ಯಾರಿಗೆ?"

ಗಿರಾಕಿ ಸೋತು, "ಆಯ್ತು ಮಾರಾಯ್ರೆ, ಬಿಸಿಯೇ ಉಂಟು" ಎಂದು ಗ್ಲಾಸು ಎತ್ತಿಕೊಂಡರೆ ಬಿಡುತ್ತಾರೆಯೇ? ಮಾವ ತಕ್ಷಣ ಆಚೆ ದಡಕ್ಕೆ ಹಾರುತ್ತಾರೆ.

"ಬಿಸಿಯಾ? ಹಬೆ ಎಲ್ಲಿ ಉಂಟು, ತೋರಿಸಿ ನೋಡುವ!"

ಅತ್ತೆ ಹೇಳುವುದು ಹೀಗೆ: "ಮದುವೆಗೆ ಹೂಂ ಅಂದದ್ದೇ ಕೊನೆ. ಆಮೇಲೆ ಇವರು ಯಾರ ಮಾತಿಗೂ ಹೂಂ ಅಂದದ್ದನ್ನು ನಾನು ಕೇಳಿಲ್ಲ."

ಈ ಕಾಯಿಲೆಗೆ ಮೂಲ ತಾಳಮದ್ದಳೆ. ಯಕ್ಷಗಾನದಂತೆಯೇ, ಆದರೆ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹಾಡುತ್ತಾರೆ, ಪಂಚೆ ಉಟ್ಟು ಎದುರುಬದುರು ಕೂತ ಅರ್ಥಧಾರಿಗಳು ತಮ್ಮ ತಮ್ಮ ಪಾತ್ರದ ಪರವಾಗಿ ಮಾತಿನಲ್ಲೇ ಕಾದಾಡುತ್ತಾರೆ. ಇವತ್ತು ದೇವರ ಪಾತ್ರ ಕೊಟ್ಟರೆ ದೇವರ ಪರ, ನಾಳೆ ರಾಕ್ಷಸನ ಪಾತ್ರ ಕೊಟ್ಟರೆ ರಾಕ್ಷಸನ ಪರ. ಅದನ್ನು ಅಲ್ಲಿಗೇ ಬಿಟ್ಟು ಬರುವುದು ಉಳಿದವರ ಪದ್ಧತಿ. ಮಾವ ಅದನ್ನು ಹೋಟೆಲಿಗೂ ತಂದರು.

ಪ್ರತಿ ವರ್ಷ ಪೊಳಲಿಯ ಹತ್ತಿರದ ಮನೆಯೊಂದರಲ್ಲಿ ಒಂದು ತಾಳಮದ್ದಳೆ ಕೂಟ ನಡೆಯುತ್ತದೆ. ಪ್ರಸಂಗ ಯಾವತ್ತೂ ಒಂದೇ: ಮಹಾಯುದ್ಧಕ್ಕೆ ಮೊದಲು ಒಂದು ಸಂಧಾನ ನಡೆಯುತ್ತದಲ್ಲ, ಅದು. ಹೆಸರು ಹೇಳಬೇಕಾಗಿಲ್ಲ, ನಿಮಗೆಲ್ಲ ಗೊತ್ತಿರುವ ಕಥೆಯೇ. ಶಾಂತಿ ಕೇಳಲು ಬರುವ ರಾಯಭಾರಿಯಾಗಿ ಪುತ್ತಿಗೆಯ ನಿವೃತ್ತ ಮಾಸ್ಟ್ರು, ಹಠಮಾರಿ ಅರಸನಾಗಿ ನನ್ನ ಮಾವ. ಮಾಸ್ಟ್ರು ಐದು ಊರನ್ನಾದರೂ ಕೊಡು ಎನ್ನಬೇಕು, ಮಾವ ಸೂಜಿಯ ಮೊನೆ ಊರುವಷ್ಟು ಜಾಗವನ್ನೂ ಕೊಡುವುದಿಲ್ಲ ಎನ್ನಬೇಕು. ಯುದ್ಧ ನಿಶ್ಚಯವಾಗಬೇಕು. ಭಾಗವತರು ಮಂಗಳ ಹಾಡಬೇಕು. ಎಲ್ಲರೂ ಊಟಕ್ಕೆ ಏಳಬೇಕು.

ಇವರಿಬ್ಬರದ್ದು ಅಷ್ಟಕ್ಕೆ ಮುಗಿಯುತ್ತಿರಲಿಲ್ಲ. ಹಿಂದಿರುಗುವ ಬಸ್ಸಿನಲ್ಲೂ ಐದು ಊರಿನ ವ್ಯಾಜ್ಯ ಮುಂದುವರಿಯುತ್ತಿತ್ತು. ಒಮ್ಮೆ ಕಂಡಕ್ಟರ್ ತಾಳಲಾರದೆ, "ಯುದ್ಧ ಮಾಡುವುದಾದರೆ ಇಳಿದು ಮಾಡಿ ಮಾರಾಯ್ರೆ, ಬಸ್ಸಿನಲ್ಲಿ ಹೆಂಗಸರು ಮಕ್ಕಳು ಇದ್ದಾರೆ" ಎಂದು ಕೈಮುಗಿದಿದ್ದರು. ಇಬ್ಬರೂ ಇಳಿದರು. ಮುಂದಿನ ಬಸ್ಸು ಬರುವ ತನಕ ಮಾರ್ಗದ ಬದಿಯಲ್ಲಿ ನಿಂತು ವಾದಿಸಿದರು, ಆಮೇಲೆ ಆ ಬಸ್ಸನ್ನೂ ತಪ್ಪಿಸಿಕೊಂಡರು.

"ಆ ಮಾಸ್ಟ್ರ ಮುಖ ಕಂಡರೆ ನನ್ನ ಬನ್ಸ್ ಉಬ್ಬುವುದಿಲ್ಲ" ಎನ್ನುತ್ತಿದ್ದರು ಮಾವ. ಮಾಸ್ಟ್ರು ಮಾತ್ರ ಪುತ್ತಿಗೆಯಿಂದ ದಿನಾ ಬೆಳಿಗ್ಗೆ ಬಂದು ಆ ಉಬ್ಬದ ಬನ್ಸನ್ನೇ ತಿಂದು, "ಉಬ್ಬಲಿಲ್ಲ" ಎಂದು ಹೇಳಿ ಹೋಗುತ್ತಿದ್ದರು.

ಹೀಗಿರುವಾಗ ಮಾಸ್ಟ್ರು ಗಲ್ಫಿಗೆ ಹೋದರು. ಮಗಳ ಬಾಣಂತನಕ್ಕೆ ಹೊರಟ ಹೆಂಡತಿ ಗಂಡನನ್ನೂ ಕರೆದುಕೊಂಡು ಹೋದದ್ದು. "ಹೋಗಲಿ ಮಾರಾಯ್ತಿ, ಸ್ವಲ್ಪ ದಿನ ನನ್ನ ಕಿವಿಗೆ ಆರಾಮ" ಎಂದು ಮಾವ ನನಗೆ ಫೋನಿನಲ್ಲಿ ಹೇಳಿದರು. ಅವರು ಹೋದ ಮೇಲೆ ಮಗು ಹುಟ್ಟಿತು. ಮಗು ಹುಟ್ಟಿದ ಸ್ವಲ್ಪ ದಿನಕ್ಕೆ ಅಲ್ಲಿ ಯುದ್ಧ ಹುಟ್ಟಿತು. ವಿಮಾನಗಳು ನಿಂತವು.

ಯಾರಿಗೂ ಬೇಡದ ಯುದ್ಧ ಅದು. ಮಾಡುವವರ ಊರಿನಲ್ಲೇ ಜನ ಬೀದಿಗಿಳಿದು ಬೇಡ ಎನ್ನುತ್ತಿದ್ದುದನ್ನು ಟಿ.ವಿ.ಯಲ್ಲಿ ತೋರಿಸುತ್ತಿದ್ದರು. ನಾನು ಬಂಟ್ವಾಳದಲ್ಲಿ ಬ್ಯಾಂಕಿನ ಕೆಲಸಕ್ಕೆ ಹೊರಡುವ ಹೊತ್ತಿಗೆ ದಿನಾ ಮಾವನ ಫೋನು.

"ಇವತ್ತು ವಿಮಾನ ಉಂಟಾ?"

"ಇಲ್ಲ ಮಾವ. ಯಾಕೆ, ನೀವು ಎಲ್ಲಿಗೆ ಹೋಗುವುದು?"

"ನಾನು ಎಲ್ಲಿಗೆ ಹೋಗುವುದು! ಪೊಳಲಿಯ ಕೂಟ ಬಂತಲ್ಲ. ಎದುರು ಅರ್ಥ ಹೇಳುವವರು ಯಾರು?"

ಹಿಂದಿನಿಂದ ಅತ್ತೆಯ ದನಿ ಕೇಳುತ್ತಿತ್ತು. "ಕೂಟದ ಚಿಂತೆಯಂತೆ! ದೇವರಿಗೆ ಕೈ ಮುಗಿಯುವ ಮೊದಲು ಟಿ.ವಿ. ಹಾಕ್ತಾರೆ. ಮಾಸ್ಟ್ರು ಕೂತುಕೊಳ್ಳುವ ಬೆಂಚಿನಲ್ಲಿ ಯಾರನ್ನೂ ಕೂರಿಸುವುದಿಲ್ಲ."

"ಆ ಬೆಂಚಿನ ಕಾಲು ಅಲುಗಾಡ್ತದೆ" ಎಂದರು ಮಾವ. ಬೆಂಚಿನ ಕಾಲು ಗಟ್ಟಿಯಾಗಿಯೇ ಇತ್ತು.

ಅಷ್ಟರಲ್ಲಿ ಯುದ್ಧ ನಮ್ಮ ಅಡುಗೆಮನೆಗೂ ಬಂತು. ಹೋಟೆಲುಗಳಿಗೆ ಗ್ಯಾಸ್ ಸಿಲಿಂಡರ್ ಸಿಗದೆ ಹೋಯಿತು. ಮಾವ ಸೌದೆ ಒಲೆ ಹೂಡಿದರು, ತಿಂಡಿಗಳನ್ನು ಕಡಿಮೆ ಮಾಡಿದರು, ಹೊರಗಿನ ಕರಿಹಲಗೆಯಲ್ಲಿ ಚಾಕ್‌ಪೀಸಿನಿಂದ ಬರೆದರು: "ಯುದ್ಧದ ಕಾರಣ ಪೂರಿ ಇಲ್ಲ. ಯುದ್ಧ ಮಾಡುವವರಿಗೆ ಚಾ ಸಹ ಇಲ್ಲ."

ಮೂಡುಬಿದಿರೆಯಲ್ಲಿ ಕಾಲೇಜು ಮಕ್ಕಳಿಗೆ ಬರಗಾಲವೇ? ರಾಜ್ಯದ ಎಲ್ಲ ಜಿಲ್ಲೆಗಳಿಂದ ಬಂದ ಮಕ್ಕಳು ಆ ಹಲಗೆಯ ಮುಂದೆ ನಿಂತು ಫೋಟೋ ತೆಗೆದು ಹಂಚಿದರು. ಪೂರಿ ಇಲ್ಲದ ಹೋಟೆಲಿಗೆ ಪೂರಿ ಇದ್ದಾಗಿನದಕ್ಕಿಂತ ಹೆಚ್ಚು ಜನ ಬಂದರು!

ಪುರಸಭೆ ಚುನಾವಣೆಯೂ ಆಗಲೇ ಹತ್ತಿರ ಬಂದಿತ್ತು. ಚರಂಡಿ, ಬೀದಿದೀಪದ ಬಗ್ಗೆ ಮಾತಾಡಬೇಕಾದವರೆಲ್ಲ ಕ್ಷಿಪಣಿಗಳ ಬಗ್ಗೆ ಮಾತಾಡತೊಡಗಿದರು. ಒಂದು ಪಕ್ಷದವರು ಸರ್ಕಾರ ಯಾಕೆ ಬಾಯಿ ಬಿಡುವುದಿಲ್ಲ ಎಂದು ಕೂಗಿದರೆ, ಇನ್ನೊಂದು ಪಕ್ಷದವರು ಬಾಯಿ ಮುಚ್ಚಿಕೊಂಡಿರುವುದೇ ಜಾಣತನ ಎಂದು ಬಾಯಿ ತುಂಬ ಕೂಗಿದರು. ಓಟು ಕೇಳಲು ಬಂದ ಅಭ್ಯರ್ಥಿಯೊಬ್ಬರು ಗ್ಯಾಸಿನ ಹಡಗುಗಳು ಬರುವ, ಯುದ್ಧದಿಂದ ಮುಚ್ಚಿಹೋದ ಜಲಸಂಧಿಯನ್ನು ತೆರೆಸಲು ನಮ್ಮ ಪಕ್ಷ ಹೋರಾಡುತ್ತದೆ ಎಂದಾಗ ಮಾವ ಕೇಳಿದರು:

"ಆಗಲಿ, ತೆರೆಸುವ. ಮೊದಲು ನನ್ನ ಹೋಟೆಲಿನ ಹಿಂದಿನ ಚರಂಡಿ ತೆರೆಸಿ ಅಭ್ಯಾಸ ಮಾಡಿಕೊಳ್ತೀರಾ?"

ಒಂದು ದಿನ ಮಧ್ಯಾಹ್ನ ಮೆರವಣಿಗೆಯೊಂದು ಯುದ್ಧ ಹೂಡಿದ ದೊರೆಯ ಪ್ರತಿಕೃತಿಯನ್ನು ಹೊತ್ತುಕೊಂಡು ಬಂತು. ಒಣಹುಲ್ಲಿನ ದೇಹ, ಹಳೆಯ ಕೋಟು, ಮಡಕೆಯ ತಲೆ. ಹೋಟೆಲಿನ ಎದುರೇ ನಿಲ್ಲಿಸಿ, ಧಿಕ್ಕಾರ ಕೂಗಿ, ಬೆಂಕಿಪೆಟ್ಟಿಗೆ ತೆಗೆದರು. ಮಾವ ಸಟ್ಟುಗ ಹಿಡಿದುಕೊಂಡೇ ಹೊರಗೆ ಓಡಿದರು.

"ನಿಲ್ಲಿ, ನಿಲ್ಲಿ! ಗ್ಯಾಸ್ ಇಲ್ಲ ಅಂತ ಪ್ರತಿಭಟನೆ ಮಾಡುವವರು ಇಷ್ಟು ಒಳ್ಳೆ ಒಣಹುಲ್ಲನ್ನು ಮಾರ್ಗದಲ್ಲಿ ಸುಡುವುದಾ? ಬುದ್ಧಿ ಉಂಟಾ ನಿಮಗೆ?"

"ಸುಡದಿದ್ದರೆ ಪ್ರತಿಭಟನೆ ಆಗುವುದು ಹೇಗೆ ಮಾರಾಯ್ರೆ? ಪೇಪರಿನವರು ಬಂದಿದ್ದಾರೆ" ಎಂದು ಮುಖಂಡರು ಕಂಗಾಲಾದರು.

"ಸುಡಬೇಡಿ ಅಂತ ಯಾರು ಹೇಳಿದ್ದು? ಒಳಗೆ ತನ್ನಿ, ಒಲೆಯಲ್ಲಿ ಸುಡುವ!"

ಹಾಗೆ ದೊರೆ ಕಾಲಿನ ಕಡೆಯಿಂದ ಸ್ವಲ್ಪ ಸ್ವಲ್ಪವೇ ನಮ್ಮ ಒಲೆಯೊಳಗೆ ಹೋದ. ಅವನ ಬೆಂಕಿಯಲ್ಲಿ ಕುದಿದ ಚಾವನ್ನು ಮೆರವಣಿಗೆಯವರೂ ಕುಡಿದರು, ಬಂದೋಬಸ್ತಿಗೆ ಬಂದಿದ್ದ ಪೊಲೀಸರೂ ಕುಡಿದರು. ಕೋಟನ್ನು ಅತ್ತೆ ಒಗೆದು ಇಟ್ಟುಕೊಂಡರು. ಮಡಕೆಯ ತಲೆಯಲ್ಲಿ ಈಗ ಹುಣಸೆಹಣ್ಣು ಇದೆ.

ಇಷ್ಟಾದ ಮೇಲೆ ಪಕ್ಷದವರು ಬಿಡುತ್ತಾರೆಯೇ? ಮೊದಲನೆಯ ಪಕ್ಷದವರು ಮೂಡುಬಿದಿರೆಯ ಸಭೆಗೆ ಮಾವನನ್ನು ಭಾಷಣಕ್ಕೆ ಕರೆದರು.

"ನನ್ನ ಪಾತ್ರ ಯಾವುದು?" ಎಂದು ಮಾವ ಕೇಳಿದರು.

"ಪಾತ್ರ ಅಲ್ಲ ಮಾರಾಯ್ರೆ, ಭಾಷಣ. ಯುದ್ಧದ ಬಗ್ಗೆ ಸರ್ಕಾರ ಸುಮ್ಮನಿರುವುದು ತಪ್ಪು ಅಂತ ಹೇಳುವುದು."

"ಆಯ್ತು. ಎದುರು ಕೂತುಕೊಳ್ಳುವುದು ಯಾರು?"

"ಎದುರು ಸಾರ್ವಜನಿಕರು."

ಎಡವಟ್ಟಾದದ್ದು ಅಲ್ಲಿಯೇ. ಮಾವ ಮೈಕು ಹಿಡಿದು ಸರ್ಕಾರದ ಮೌನವನ್ನು ಹರಿದು ಹಾಕಿದರು. ಸಭೆಯಲ್ಲಿ ನನ್ನ ಪಕ್ಕ ಕೂತಿದ್ದ ಹೆಂಗಸು ಕಣ್ಣೊರೆಸಿಕೊಂಡರು, ಮುಖಂಡರು ಹಿಗ್ಗಿದರು. ಆಮೇಲೆ ಮಾವ ರೂಢಿಯಂತೆ ಎದುರಿನವರ ಉತ್ತರಕ್ಕಾಗಿ ಕಾದರು. ಉತ್ತರ ಬರಲಿಲ್ಲ. ಎದುರು ಅರ್ಥಧಾರಿಯೇ ಇಲ್ಲ! ವಾದ ಅರ್ಧಕ್ಕೆ ನಿಂತರೆ ಕೂಟಕ್ಕೆ ಅವಮಾನವಲ್ಲವೇ? ಮಾವ ವೇದಿಕೆಯ ಆಚೆ ಬದಿಗೆ ಸರಿದು ನಿಂತು, ತಾವೇ ಸರ್ಕಾರವಾಗಿ ತಮಗೇ ಉತ್ತರ ಕೊಡತೊಡಗಿದರು. "ಎಲವೋ, ಮೌನವನ್ನು ಹೇಡಿತನವೆಂದು ಬಗೆದೆಯಾ? ಆ ನಾಡಿನಲ್ಲಿ ಸಿಕ್ಕಿಕೊಂಡಿರುವ ನಮ್ಮ ಜನರ ತಲೆ ಕಾಯುವವರಾರು?" ಮುಖಂಡರು ಅಂಗಿ ಜಗ್ಗಿದರು. ಜಗ್ಗಿದಷ್ಟೂ ಮಾವನಿಗೆ ಹುರುಪು. ಚಪ್ಪಾಳೆ ಮೊದಲಿನದಕ್ಕಿಂತ ಜೋರಾಗಿ ಬಿತ್ತು. ಕೊನೆಗೆ ಮುಖಂಡರೇ ಮೈಕಿನ ವಯರು ಕಿತ್ತರು.

ಎರಡನೆಯ ಪಕ್ಷದವರಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ತಕ್ಷಣ ಕಾರು ಕಳಿಸಿ ಬೆಳ್ತಂಗಡಿಯ ಸಭೆಗೆ ಕರೆದುಕೊಂಡು ಹೋದರು. ಅಲ್ಲಿ ಏನಾಯಿತೆಂದು ನಾನು ಹೇಳಬೇಕೇ? ಹೋಗುವಾಗ ಕಾರು, ಬರುವಾಗ ಬಸ್ಸು!

ಮರುದಿನ ಎರಡೂ ಪಕ್ಷದ ಅಭ್ಯರ್ಥಿಗಳು ಒಟ್ಟಿಗೇ ಹೋಟೆಲಿಗೆ ಬಂದರು. ಆ ಚುನಾವಣೆಯಲ್ಲಿ ಅವರು ಒಟ್ಟಿಗೆ ಮಾಡಿದ ಕೆಲಸ ಇದೊಂದೇ. "ಅಣ್ಣಾ, ಒಂದು ಉಪಕಾರ ಮಾಡಿ. ದಯವಿಟ್ಟು ನಮಗೆ ಬೆಂಬಲ ಕೊಡಬೇಡಿ" ಎಂದು ಕೇಳಿಕೊಂಡರು. ಅವರು ಹೋದ ಮೇಲೆ ಮಾವ ಸಪ್ಪಗೆ ಕೂತರು.

"ಮಾಸ್ಟ್ರು ಇದ್ದಿದ್ದರೆ ಹೀಗಾಗ್ತಿರಲಿಲ್ಲ ಮಗಾ. ನಾನು ಒಂದೇ ಬದಿ ಹೇಳ್ತಿದ್ದೆ, ಇನ್ನೊಂದು ಬದಿ ಅವರು ನೋಡಿಕೊಳ್ತಿದ್ದರು."

ಪೊಳಲಿಯ ಮನೆಯವರು ಬೇರೆ ಅರ್ಥಧಾರಿಯನ್ನು ಗೊತ್ತುಮಾಡುತ್ತೇವೆ ಎಂದರು. "ಅವನು ಬೇಗ ಒಪ್ಪಿಕೊಳ್ತಾನೆ, ಪ್ರಯೋಜನ ಇಲ್ಲ" ಎಂದು ಮಾವ ತಳ್ಳಿಹಾಕಿದರು. ಕೊನೆಗೆ ನಾನೇ ಉಪಾಯ ಹೇಳಿದೆ. ಕೂಟದ ದಿನ ಎದುರಿನ ಕುರ್ಚಿಯಲ್ಲಿ ಒಂದು ಡಬ್ಬಿ ಇಟ್ಟು, ಅದಕ್ಕೆ ನನ್ನ ಮೊಬೈಲನ್ನು ಒರಗಿಸಿ ವೀಡಿಯೊ ಕಾಲ್ ಹಚ್ಚಿದೆವು. ಮೊದಲು ಮಾಸ್ಟ್ರ ಬೋಳುತಲೆ ಮಾತ್ರ ಕಾಣಿಸಿತು. ಆಮೇಲೆ ಮುಖವೂ ಬಂತು, ತುಂಬ ಇಳಿದುಹೋಗಿತ್ತು. ಹಿಂದೆ ಮಗು ಅಳುತ್ತಿತ್ತು.

ಮಾವ ಮೀಸೆ ತಿರುವಿದರು. "ರಾಯಭಾರಿಯೇ, ನಮ್ಮ ಸಭೆಯಲ್ಲಿ ಅಳುತ್ತಿರುವುದು ಯಾವ ಪಾತ್ರ?"

"ಅರಸಾ, ಅದು ಪ್ರಜೆ. ಅದರ ಮಾತನ್ನೇ ನಾನು ತಂದಿದ್ದೇನೆ" ಎಂದರು ಮಾಸ್ಟ್ರು.

ಸಭೆ ನಕ್ಕಿತು. ಆಮೇಲೆ ನಗಲಿಲ್ಲ. ಮಾಸ್ಟ್ರು ಆ ದಿನ ಶ್ಲೋಕ ಹೇಳಲಿಲ್ಲ, ತರ್ಕ ಹೂಡಲಿಲ್ಲ. "ಮೊನ್ನೆ ಆಕಾಶದಲ್ಲಿ ದೊಡ್ಡ ಶಬ್ದವಾಯಿತು, ಅರಸಾ. ಮಗು ನಿದ್ದೆಯಲ್ಲಿತ್ತು. ದೊಡ್ಡವರೆಲ್ಲ ಓಡಿಹೋಗಿ ತೊಟ್ಟಿಲಿನ ಸುತ್ತ ಕೈಹಿಡಿದು ನಿಂತೆವು. ನಮ್ಮ ಕೈಗಳು ಏನನ್ನು ತಡೆದಾವು? ಆದರೂ ನಿಂತೆವು. ಐದು ಊರು ಕೊಡು. ಅದೂ ಆಗದಿದ್ದರೆ ಒಂದು ವಿಮಾನ ಕೊಡು" ಎಂದರು.

ಈಗ ಮಾವ ಗುಡುಗಬೇಕು. ಸೂಜಿಮೊನೆಯ ಮಾತು ಬರಬೇಕು. ಭಾಗವತರು ಮುಂದಿನ ಪದಕ್ಕೆ ತಾಳ ಎತ್ತಿ ಹಿಡಿದಿದ್ದರು. ಮಾವ ಹೆಗಲ ಶಾಲಿನಿಂದ ಮುಖ ಒರೆಸಿಕೊಂಡರು.

"ಮಾಸ್ಟ್ರೇ," ಎಂದರು. ರಾಯಭಾರಿ ಎನ್ನಲಿಲ್ಲ. "ಐದು ಯಾಕೆ? ಎಲ್ಲ ಊರೂ ತಗೊಳ್ಳಿ. ನನಗೆ ಯುದ್ಧ ಬೇಡ. ಮಗುವನ್ನು ಕರೆದುಕೊಂಡು ಒಮ್ಮೆ ಎಲ್ಲರೂ ಮನೆಗೆ ಬನ್ನಿ."

ಮೊಬೈಲಿನಲ್ಲಿ ಮಾಸ್ಟ್ರು ಅಲುಗಾಡದೆ ಕೂತಿದ್ದರು. ನೆಟ್‌ವರ್ಕ್ ಹೋಯಿತೆಂದುಕೊಂಡು ನಾನು ಎದ್ದೆ. ಹೋಗಿರಲಿಲ್ಲ. ಅವರ ಹಿಂದೆ ಫ್ಯಾನು ತಿರುಗುತ್ತಲೇ ಇತ್ತು.

"ಅರಸ ಒಪ್ಪಿದರೆ ಮುಂದೆ ಪದವೇ ಇಲ್ಲವಲ್ಲ. ನಾನೀಗ ಎಂತ ಹಾಡುವುದು?" ಎಂದು ಭಾಗವತರು ಮೆಲ್ಲಗೆ ಕೇಳಿದರು.

"ಮಂಗಳ ಹಾಡಿ" ಎಂದರು ಮಾವ.

ಕೆಲವು ದಿನಗಳಲ್ಲಿ ಕದನವಿರಾಮ ಘೋಷಣೆಯಾಯಿತು. ವಿಮಾನ ಹಾರಿತು, ಗ್ಯಾಸ್ ಬಂತು, ಚುನಾವಣೆ ಮುಗಿಯಿತು. "ನಾನು ಒಪ್ಪಿದೆ, ಯುದ್ಧ ನಿಂತಿತು. ಲೆಕ್ಕ ಸರಿ ಉಂಟಲ್ಲ?" ಎಂದು ಮಾವ ಎಲ್ಲರಲ್ಲೂ ಕೇಳುತ್ತಿದ್ದರು. ಯಾರೂ ಎದುರಾಡಲಿಲ್ಲ. ಚರಂಡಿ ಮಾತ್ರ ಇನ್ನೂ ತೆರೆದಿಲ್ಲ.

ಮಾಸ್ಟ್ರು ವಿಮಾನ ಇಳಿದವರು ಹೆಂಡತಿ, ಮಗಳು, ಮಗುವನ್ನು ಪುತ್ತಿಗೆಯ ಮನೆಗೆ ಬಿಟ್ಟು, ಬಟ್ಟೆಯನ್ನೂ ಬದಲಿಸದೆ ಸೀದಾ ಹೋಟೆಲಿಗೆ ಬಂದರು. ನಾನು ಅಲ್ಲಿಯೇ ಇದ್ದೆ. ಬೆಂಚು ಖಾಲಿ ಇತ್ತು. ಬಂದವರೇ ಅದರಲ್ಲಿ ಕೂತರು. ಮಾವ ಅವರ ಮುಖ ನೋಡಲಿಲ್ಲ. ಒಂದು ಬನ್ಸ್, ಒಂದು ಚಾ ತಂದು ಎದುರಿಟ್ಟು, ಅಲ್ಲಿಯೇ ನಿಂತರು. ಮಾಸ್ಟ್ರು ಒಂದು ಗುಟುಕು ಕುಡಿದು ಗ್ಲಾಸು ಕೆಳಗಿಟ್ಟರು.

"ಚಾ ತಣ್ಣಗೆ ಉಂಟು" ಎಂದರು.

ಅತ್ತೆ ಒಳಗಿನಿಂದ ಇಣುಕಿದರು. ಗಲ್ಲಾಪೆಟ್ಟಿಗೆಯ ಹತ್ತಿರವಿದ್ದ ನಾನೂ ತಲೆ ಎತ್ತಿದೆ. ಇನ್ನು ಬಾವಿಯ ನೀರು ಬರುತ್ತದೆ, ಸುಟ್ಟ ನಾಲಗೆ ಬರುತ್ತದೆ, ಹೊತ್ತು ಮುಳುಗುವ ತನಕ ಮುಗಿಯುವುದಿಲ್ಲ ಎಂದುಕೊಂಡೆ.

ಮಾವ ಆ ಗ್ಲಾಸನ್ನು ಎರಡೂ ಕೈಯಲ್ಲಿ ಎತ್ತಿಕೊಂಡರು.

"ಹೌದು ಮಾಸ್ಟ್ರೇ, ತಣ್ಣಗೆ ಉಂಟು. ಕೂತುಕೊಳ್ಳಿ, ಬಿಸಿ ಮಾಡಿ ತರ್ತೇನೆ."