ವಾದಿರಾಜ ಕಾಕಾನ ಕಂಪ್ಯೂಟರಿಗೆ ನೀರು ಕೊಟ್ಟವರು

ನನಗೆ ಯಾರ ಮುಖವನ್ನು ಬೇಕಾದರೂ ಮಾಡಲು ಬರುತ್ತದೆ, ದುಃಖದ ಮುಖವೊಂದನ್ನು ಬಿಟ್ಟು. ಸಾವಿನ ಮನೆಯ ಹೊಸ್ತಿಲು ದಾಟಿದ ಕೂಡಲೇ ನನ್ನ ತುಟಿ ಅಲ್ಲಿರುವ ಯಾರನ್ನಾದರೂ ಅಣಕಿಸಲು ಹವಣಿಸುತ್ತದೆ. ಹಡಪಸರದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟ ಮೇಲಂತೂ ಈ ಚಟ ಹೊಟ್ಟೆಪಾಡೇ ಆಯಿತು. ಗಿರಾಕಿಗಳು ಫೋನಿನಲ್ಲಿ ತಮ್ಮ ಯಂತ್ರದ ಶಬ್ದವನ್ನು ತಾವೇ ಮಾಡಿ ತೋರಿಸುತ್ತಾರೆ. ಮಗರಪಟ್ಟಾದ ಸಾಹೇಬರೊಬ್ಬರು ಅತ್ತಲಿಂದ ನಾಯಿಮರಿಯಂತೆ "ಕುಂಯ್, ಕುಂಯ್" ಎಂದರೆ, ನಾನು ಇತ್ತಲಿಂದ ಉದ್ದನೆಯದೊಂದು, ಗಿಡ್ಡದೊಂದು ಕುಂಯ್‌ಗುಟ್ಟಿ "ಇದೋ, ಅದೋ?" ಎಂದು ಕೇಳಬೇಕು. ಉದ್ದನೆಯದಾದರೆ ಬಹುಶಃ ರ‍್ಯಾಮ್ ಸಡಿಲಾಗಿರುತ್ತದೆ. ತೆಗೆದು, ರಬ್ಬರಿನಿಂದ ಉಜ್ಜಿ ಕೂರಿಸಿದರೆ ಮುಗಿಯಿತು. ಹೀಗೆ ಎಷ್ಟೋ ಯಂತ್ರಗಳನ್ನು ಬದುಕಿಸಿದ್ದೇನೆ. ಕೆಲವನ್ನು ಕೊಂದೂ ಇದ್ದೇನೆ. ಅವುಗಳ ಮನೆಯವರು ಈಗ ಬೇರೆ ಅಂಗಡಿಗೆ ಹೋಗುತ್ತಾರೆ.

ನಮ್ಮ ಓಣಿಯ ವಾದಿರಾಜ ಕಾಕಾ ಕಾರಖಾನೆಯ ಕಚೇರಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಒಂದು ಮುಂಜಾನೆ ಚಹಾ ಕುಡಿದು, ಕಪ್ಪು ಕೆಳಗಿಟ್ಟು, ಹೋಗಿಯೇ ಬಿಟ್ಟರು. ವೈಕುಂಠ ಸಮಾರಾಧನೆಯ ಹಿಂದಿನ ದಿನ ಅವರ ಹೆಂಡತಿ ಸುಶೀಲಾ ಕಾಕು ನನ್ನನ್ನು ಕರೆಸಿದರು. ಹಾರ ಹಾಕಲು ಫೋಟೋ ಬೇಕು. ಮನೆಯಲ್ಲಿ ಇದ್ದದ್ದು ಮದುವೆಯ ಫೋಟೋ ಒಂದೇ.

"ಈ ಹುಡುಗನ ಮುಂದ ದೀಪಾ ಹಚ್ಚೂದು ಹ್ಯಾಂಗಪಾ?" ಎಂದರು ಕಾಕು. "ಇವನ ಜೋಡಿ ನಾ ಭಾಳ ದಿನಾ ಇರಲೇ ಇಲ್ಲ. ಲಗ್ನ ಆಗಿ ವರ್ಷ ತುಂಬೂದ್ರಾಗ ಕೂದಲಾ ಉದುರಿದ್ವು. ನಾ ಸಂಸಾರ ಮಾಡಿದ್ದು ಆ ಬೋಳು ತಲಿ ಜೋಡಿ."

ಬೋಳು ತಲೆಯ ಫೋಟೋ ಇದ್ದರೆ ಕಾಕಾನ ಕಂಪ್ಯೂಟರಿನಲ್ಲೇ ಇರಬೇಕಿತ್ತು. ಕಂಪ್ಯೂಟರು ಚಾಲೂ ಆಗುತ್ತಿರಲಿಲ್ಲ.

ಪಡಸಾಲೆಯಲ್ಲಿ ಕಾಕಾನ ಅಣ್ಣ, ಇಂದಾಪುರದ ಭೀಮರಾಯರು, ವಿಚಾರಣೆ ನಡೆಸಿದ್ದರು. ಸಮಾಧಾನ ಹೇಳಲು ಯಾರು ಬಂದರೂ ಅವರ ಎದುರಿಗೆ ಅದೇ ಕೆಮ್ಮು, ಅದೇ ತೋರುಬೆರಳು: "ಸುಶೀಲಾ, ರಾತ್ರಿ ಉಪ್ಪಿನಕಾಯಿ ಯಾರು ಕೊಟ್ರು? ಯಾಕ ಕೊಟ್ರಿ? ಡಾಕ್ಟರಗ ಒಂದ ಮಾತು ಕೇಳಬಾರದಿತ್ತ?" ಕಾಕು ಪ್ರತಿ ಸಲವೂ ಹೊಸದಾಗಿ ಸಿಕ್ಕಿಬಿದ್ದ ಕಳ್ಳಿಯಂತೆ ತಲೆ ತಗ್ಗಿಸುತ್ತಿದ್ದರು.

ನಾನು ಮೇಜಿನ ಕೆಳಗೆ ತೂರಿ, "ಯಾವಾಗಿಂದ ಹಿಂಗಾಗ್ಯದ ಕಾಕು?" ಎಂದೆ.

"ಮುಂಜಾನೆ ಚಲೋನ ಇದ್ರಪಾ. ಇನ್ನೊಂದ ಅರ್ಧಾ ಕಪ್ ಹಾಕು ಅಂದ್ರು. ನಾ ಒಲ್ಲೆ ಅಂದೆ..."

ನಾನು ಕೇಳಿದ್ದು ಕಂಪ್ಯೂಟರಿನ ಬಗ್ಗೆ ಎಂದು ಹೇಳುವ ಧೈರ್ಯವಾಗಲಿಲ್ಲ. ಬಟನ್ ಒತ್ತಿದೆ. ಫ್ಯಾನ್ ತಿರುಗಲಿಲ್ಲ, ಕುಂಯ್ ಎನ್ನಲಿಲ್ಲ. ಮುಚ್ಚಳ ಬಿಚ್ಚಿದರೆ ಒಳಗೆ ಧೂಳೆಲ್ಲ ಕೆಸರಾಗಿ ಒಣಗಿತ್ತು. ಬೋರ್ಡಿನ ಕೆಳಭಾಗ ತುಕ್ಕು ಹಿಡಿದಿತ್ತು, ಜಿರಲೆಯೊಂದು ಅಂಗಾತ ಮಲಗಿತ್ತು.

"ಇದಕ್ಕ ನೀರು ಬಿದ್ದದಲ್ರಿ?" ಎಂದೆ.

ಭೀಮರಾಯರು ಎದೆಯುಬ್ಬಿಸಿದರು. "ಮತ್ತ? ಹೆಣಾ ಎತ್ತಿದ ಮ್ಯಾಲೆ ಮನಿ ತೊಳೀಬೇಕೋ ಬ್ಯಾಡೋ? ಮೊಳಕಾಲ ನೋವಾಗಿ ಸ್ಮಶಾನಕ್ಕ ಹೋಗಲಿಕ್ಕೆ ಆಗಲಿಲ್ಲ ನನಗ. ನಾನ ಪೈಪ್ ಹಿಡದು ಮೂಲಿ ಮೂಲಿ ತೊಳದೀನಿ."

ಇಲ್ಲಿ ನಾನು ಸುಮ್ಮನಿರಬೇಕಿತ್ತು. ಆದರೆ ಗಂಟಲು ನನ್ನ ಮಾತು ಕೇಳುವುದಿಲ್ಲ. ಮೊದಲು ಅವರ ಕೆಮ್ಮು ಬಂತು, ಆಮೇಲೆ ಅವರ ತೋರುಬೆರಳು ಎದ್ದಿತು. "ನೀರು ಯಾರು ಕೊಟ್ರು? ಯಾಕ ಕೊಟ್ರಿ? ಒಂದ ಮಾತು ಕೇಳಬಾರದಿತ್ತ?"

ಕಾಕು ಸೆರಗನ್ನು ಬಾಯಿಗೆ ತುರುಕಿಕೊಂಡರು, ಹೆಗಲು ಕುಲುಕತೊಡಗಿತು. "ಅಳ್ತಾಳ ಪಾಪ" ಎಂದರು ಯಾರೋ. ನೆಲದಲ್ಲಿ ಕೂತಿದ್ದ ನನಗೆ ಮಾತ್ರ ಅದು ಅಳುವಲ್ಲವೆಂದು ಕಾಣುತ್ತಿತ್ತು. ಭೀಮರಾಯರು ಬಿಚ್ಚಿದ ಕಂಪ್ಯೂಟರಿನೊಳಗೆ ಇಣುಕಿ ನೋಡಿದರು. ತಮ್ಮದಲ್ಲದ ಸಣ್ಣ ದನಿಯಲ್ಲಿ, "ಏನರೆ ಮಾಡಬೇಕಲ್ಲೋ, ಕೈ ಕಟಗೊಂಡು ಹ್ಯಾಂಗ ಕೂಡ್ಲಿ? ಅಂವಾ ನನಗ ತಮ್ಮ ಆಗಬೇಕು" ಎಂದರು. ಆಮೇಲೆ ಅವರು ಉಪ್ಪಿನಕಾಯಿಯ ಸುದ್ದಿ ಎತ್ತಲಿಲ್ಲ. ನಾನೂ ಆ ದಿನ ಮತ್ತೆ ಯಾರ ದನಿಯನ್ನೂ ಮಾಡಲಿಲ್ಲ.

ಹಾರ್ಡ್ ಡಿಸ್ಕ್ ಸ್ವಲ್ಪ ಮೇಲಿದ್ದದ್ದರಿಂದ ಒಣಗಿಯೇ ಇತ್ತು. ಅಂಗಡಿಗೆ ಒಯ್ದು ಇನ್ನೊಂದು ಯಂತ್ರಕ್ಕೆ ಜೋಡಿಸಿ, ಕಾಕುವನ್ನು ಪಕ್ಕದಲ್ಲಿ ಕೂರಿಸಿಕೊಂಡು ತೆರೆದೆ. ಫೋಟೋಗಳು ಬೇಕಾದಷ್ಟಿದ್ದವು. ಗಡಿಯಾರ, ಟಿವಿ, ನೀರಿನ ಟಾಕಿ, ಅಡಿಗೆಮನೆಯಲ್ಲಿ ಕಾಕುವಿನ ಬೆನ್ನು. ಕ್ಯಾಮೆರಾ ಯಾವಾಗಲೂ ಕಾಕಾನ ಕೈಯಲ್ಲೇ ಇದ್ದದ್ದರಿಂದ ಅವರು ಮಾತ್ರ ಎಲ್ಲಿಯೂ ಇರಲಿಲ್ಲ. ಕೊನೆಗೆ ಒಂದೇ ಒಂದು ಸಿಕ್ಕಿತು. ಗಣಪತಿ ಮಂಟಪದ ಮುಂದೆ ಕಾಕಾ ಬಾಯಿತುಂಬ ನಗುತ್ತಿದ್ದಾರೆ. ಹಿಂದೆ ನಿಂತ ನಾನು ಅವರ ಬೋಳು ತಲೆಗೆ ಎರಡು ಬೆರಳಿನ ಕೊಂಬು ಇಟ್ಟಿದ್ದೇನೆ.

"ಸ್ಟುಡಿಯೋದಾಗ ಅಳಿಸಿ ಕೊಡ್ತಾರ್ರಿ ಕಾಕು," ಎಂದೆ. ಭೂಮಿ ಬಾಯ್ದೆರೆದರೆ ಇಳಿದುಬಿಡೋಣ ಎನಿಸಿತ್ತು.

ಕಾಕು ಪರದೆಯಿಂದ ಕಣ್ಣು ಕೀಳಲಿಲ್ಲ. "ಬ್ಯಾಡ. ಅಳಿಸಲಿಕ್ಕೆ ಹೋಗಿ ನಗೀನೂ ಅಳಿಸಿಗಿಳಿಸ್ಯಾರು."

ಸ್ಟುಡಿಯೋದವನು ನನ್ನನ್ನು ಕತ್ತರಿಸಿ ಹಾಕಿ ಬೆರಳು ಉಳಿಸಿಕೊಟ್ಟ. ಮರುದಿನ ಭೀಮರಾಯರು ಕೊಂಬು ಮುಚ್ಚುವಂತೆ ಸೇವಂತಿಗೆ ಸಿಕ್ಕಿಸಿದರು. ಫ್ಯಾನಿನ ಗಾಳಿಗೆ ಅದು ಉದುರಿತು. ಊಟಕ್ಕೆ ಮೊದಲು ಹಿರಿಯರೆಲ್ಲ ಒಬ್ಬೊಬ್ಬರಾಗಿ ಬಂದು ಫೋಟೋಕ್ಕೆ ಭಕ್ತಿಯಿಂದ ನಮಸ್ಕರಿಸಿದರು. ನನ್ನ ಸರದಿ ಬಂದಾಗ ನಾನೂ ಕಣ್ಣು ಮುಚ್ಚಿ ಕೈಮುಗಿದೆ, ನನ್ನವೇ ಎರಡು ಬೆರಳುಗಳಿಗೆ.