ಮೊದಲೆರಡು ಚೆಂಡು

ಏನೂ ಗೊತ್ತಿಲ್ಲದ ವಿಷಯದಲ್ಲಿ ತೀರ್ಪು ಕೊಡುವಷ್ಟು ಸುಖ ನನಗೆ ಬೇರೆ ಯಾವುದರಲ್ಲೂ ಸಿಕ್ಕಿಲ್ಲ. ಈ ಚಟ ನೆಂಟರಿಗೆಲ್ಲ ಗೊತ್ತಿದ್ದುದರಿಂದಲೇ ಜೆಪ್ಪುವಿನ ನಮ್ಮ ಅಕ್ಕ ಒಂದು ದಿನ ನನ್ನನ್ನು ಕರೆಸಿದಳು. ಭಾವ ಬೊಂಬಾಯಿಯಲ್ಲಿ ಹಡಗಿನ ಕೆಲಸದಲ್ಲಿದ್ದರು. ಮಗಳು ಜೂಲಿಯಾನಾ, ತನ್ನ ಕಾಲೇಜಿನ ಬಾಸ್ಕೆಟ್‌ಬಾಲ್ ತಂಡದಲ್ಲಿದ್ದಳು.

"ಚೆಂಡು ಹಾಕಿದ್ರೆ ಒಂದೂ ಬೀಳುವುದಿಲ್ಲವಂತೆ ಮಾರಾಯ. ನೀನೊಮ್ಮೆ ನೋಡಿ ಬಾ. ಆಗುವುದಿಲ್ಲ ಅಂತಾದ್ರೆ ಬಿಡಿಸಿ ಟೈಪಿಂಗಿಗೆ ಸೇರಿಸ್ತೇನೆ" ಎಂದಳು.

ಪಂದ್ಯದ ದಿನ ಬಲ್ಮಠದ ಕೆಂಪು ಮಣ್ಣಿನ ಆಟದ ಅಂಗಳದ ಅಂಚಿನಲ್ಲಿ ಕೊಡೆ ಊರಿ, ಬಲ್ಲವನ ಮುಖ ಮಾಡಿಕೊಂಡು ಕುಳಿತೆ. ಪಂದ್ಯ ಸೋತದ್ದು ಖಚಿತವಾದ ಮೇಲೆ, ಕೊನೆಯ ಎರಡು ನಿಮಿಷಕ್ಕೆ ಆಟದ ಟೀಚರು ಜೂಲಿಯಾನಾಳನ್ನು ಇಳಿಸಿದರು. ಚೆಂಡು ಕೈಗೆ ಬಂದದ್ದೇ ತಡ, ನಿಂತಲ್ಲಿಂದಲೇ ಎಸೆದಳು. ಅದು ಕಂಬದ ಮೇಲಿನ ಕಬ್ಬಿಣದ ಬಳೆಗೆ ತಾಗದೆ ಆಚೆ ಹೋಯಿತು. ಗೋಡೆ ಏರಿ ಕುಳಿತವರು ನಕ್ಕರು. ಟೈಪಿಂಗೇ ಸರಿ ಎಂದುಕೊಂಡೆ.

ಆದರೆ ಮರುದಿನ ಸಂಜೆ ಅಕ್ಕನ ಮನೆಗೆ ತೀರ್ಪು ಹೇಳಲು ಹೋದರೆ, ಹಿತ್ತಲಿನ ಹಲಸಿನ ಮರಕ್ಕೆ ತಳ ಕಿತ್ತ ಮೀನಿನ ಬುಟ್ಟಿ ಕಟ್ಟಿ ಇದೇ ಹುಡುಗಿ ಚೆಂಡು ಹಾಕುತ್ತಿದ್ದಳು. ನನ್ನೊಡನೆ ಮಾತನಾಡುತ್ತಲೇ ಹಾಕಿದಳು. ಒಂದೂ ತಪ್ಪಲಿಲ್ಲ.

"ಅಲ್ಲಿ ಯಾಕೆ ಅಷ್ಟು ಅವಸರ?" ಎಂದೆ.

"ಇಲ್ಲಿ ಚೆಂಡು ತಿರುಗಿ ನನ್ನ ಕೈಗೇ ಬರ್ತದೆ ಮಾಮ್. ಅಲ್ಲಿ ಇನ್ನೊಂದು ಸಿಗ್ತದೆ ಅಂತ ಎಂತ ಗ್ಯಾರಂಟಿ ಉಂಟು?"

ಇದು ನನ್ನದೇ ಕತೆ ಅನಿಸಿತು. ಸಭೆ ಸಮಾರಂಭಗಳಲ್ಲಿ ನಾನು ಖಾಯಂ ವಂದನಾರ್ಪಣೆಯ ಮನುಷ್ಯ. ಮೈಕು ನನ್ನ ಕೈಗೆ ಬರುವಾಗ ಜನ ಚಪ್ಪಲಿ ಹುಡುಕುತ್ತಿರುತ್ತಾರೆ. ಅವಸರದಲ್ಲಿ ಅಧ್ಯಕ್ಷರ ಹೆಸರೇ ಬಿಟ್ಟುಹೋಗುತ್ತದೆ. 'ಪಾಪ, ಭಾಷಣ ಬರುವುದಿಲ್ಲ' ಎಂದು ಊರು ತೀರ್ಮಾನಿಸಿದೆ. ಮಾತು ಬರುತ್ತದೋ ಇಲ್ಲವೋ ನೋಡುವಷ್ಟು ಹೊತ್ತು ಯಾರು ಕೊಟ್ಟಿದ್ದರು?

ಅಕ್ಕನಿಗೆ ಏನೂ ಹೇಳದೆ ಟೀಚರ ಬಳಿ ಹೋಗಿ, ಹುಡುಗಿಯನ್ನು ಪಂದ್ಯದ ಆರಂಭದಲ್ಲೇ ಇಳಿಸಿ ನೋಡಿ ಎಂದೆ. "ಹಾಕಿದ್ದು ಬೀಳುವುದಿಲ್ಲ, ಸುರುವಿಗೇ ಹೇಗೆ ಇಳಿಸುವುದು?" ಎಂದರು. "ಸುರುವಿಗೇ ಇಳಿಸದೆ ಹೇಗೆ ಬೀಳುವುದು ಟೀಚರ್?" ಎಂದೆ. ಈ ಮನುಷ್ಯ ಹೊರಟುಹೋದರೆ ಸಾಕೆಂದೋ ಏನೋ, ಒಪ್ಪಿದರು.

ಮುಂದಿನ ಪಂದ್ಯದಲ್ಲಿ ಜೂಲಿಯಾನಾ ಹಾಕಿದ ಮೊದಲೆರಡು ಚೆಂಡು ಬೀಳಲಿಲ್ಲ. ನಾನು ಕೊಡೆಯ ಹಿಡಿಯನ್ನು ಬಿಗಿಯಾಗಿ ಹಿಡಿದುಕೊಂಡೆ. ಟೀಚರು ಅವಳನ್ನು ಹೊರಗೆ ಕರೆಯಲಿಲ್ಲ. ಮೂರನೆಯ ಸಲ ಹುಡುಗಿ ಒಂದು ಕ್ಷಣ ನಿಂತಳು, ಬಳೆಯನ್ನು ನೋಡಿದಳು, ಹಿತ್ತಲಿನಲ್ಲಿ ಹಾಕುವಂತೆಯೇ ಹಾಕಿದಳು. ಬಿತ್ತು. ಆಮೇಲೆ ಬೀಳುತ್ತಲೇ ಹೋಯಿತು. ನನಗೆ ಕಣ್ಣು ತುಂಬಿ ಬಂತು. ಅಕ್ಕ ಟೈಪಿಂಗಿನ ಸುದ್ದಿ ಬಿಟ್ಟು ದಿನಕ್ಕೊಂದು ಮೊಟ್ಟೆ ಬೇಯಿಸತೊಡಗಿದಳು.

ಕೃತಜ್ಞತೆಯಿರುವ ಹುಡುಗಿ. ನಮ್ಮ ದೊಡ್ಡಪ್ಪನ ಮೊಮ್ಮಗಳ ಮದುವೆಯಲ್ಲಿ ವಧೂವರರಿಗೆ ಶುಭ ಕೋರುವ ಟೋಸ್ಟಿನ ಭಾಷಣವನ್ನು, ಹಿರಿಯರೊಡನೆ ವಾದಿಸಿ ನನಗೇ ಕೊಡಿಸಿದಳು. ಹೊತ್ತಿಗೆ ಮಿತಿಯಿಲ್ಲ. ಎಲ್ಲರೂ ವೈನಿನ ಗ್ಲಾಸು ಎತ್ತಿ ಹಿಡಿದು ನಿಂತರು. ನಾನು ಏದನ್ ತೋಟದಿಂದ ಆರಂಭಿಸಿದೆ. ನೋಹನ ಹಡಗಿಗೆ ಬರುವಷ್ಟರಲ್ಲಿ ಎತ್ತಿದ ಕೈಗಳು ಸೋತು ಒಂದೊಂದಾಗಿ ಇಳಿದವು. ಗ್ಲಾಸುಗಳೂ ಖಾಲಿಯಾದವು. ಮದುಮಗನ ಹೆಸರು ಕೊನೆಗೂ ನೆನಪಾಗಲಿಲ್ಲ.

ಜೂಲಿಯಾನಾ ಹತ್ತಿರ ಬಂದು ನನ್ನ ಕೈ ಹಿಡಿದುಕೊಂಡಳು. "ಬೇಸರ ಮಾಡಬೇಡಿ ಮಾಮ್. ಮೊದಲೆರಡು ನನಗೂ ಬಿದ್ದಿರಲಿಲ್ಲ."

ಎರಡನೆಯ ಟೋಸ್ಟಿಗಾಗಿ ಕಾಯುತ್ತಿದ್ದೇನೆ. ಮದುವೆಯ ವಯಸ್ಸಿನ ಹೆಣ್ಣುಮಕ್ಕಳಿರುವ ನೆಂಟರು ಈಚೆಗೆ ನನ್ನನ್ನು ಕಂಡರೆ ರಸ್ತೆಯ ಆಚೆ ಬದಿಗೆ ದಾಟುತ್ತಾರೆ.