ಮೂವರೂ ಸರಿ ಅಂದಿದ್ದೇ ತಪ್ಪಾಯಿತು

ಹೆಬ್ಬೆರಳ ಉಗುರಿನಷ್ಟು ಜಾಗ. ನಕ್ಷೆಯಲ್ಲಿ ಅಷ್ಟೇ ಖಾಲಿ ಉಳಿದಿದ್ದು. ಅದಕ್ಕೊಂದು ಬಣ್ಣ ಬಳಿದುಬಿಟ್ಟರೆ, ಸಮುದ್ರದ ತಳದಲ್ಲಿ ಎಲ್ಲಿ ಬಂಡೆ, ಎಲ್ಲಿ ಮರಳು, ಎಲ್ಲಿ ಕೆಸರು ಎಂದು ತೋರಿಸುವ ನಕ್ಷೆ ಪೂರ್ತಿಯಾಗಿ ಸಂಜೆಗೆ ಬಂದರಿನವರ ಕೈ ಸೇರುತ್ತಿತ್ತು. ವರ್ಷಗಟ್ಟಲೆ ನೇತಾಡುತ್ತಿದ್ದ ದರ್ಜಿಯ ತಾತ್ಕಾಲಿಕ ಕೆಲಸ ಕಾಯಂ ಆಗುತ್ತಿತ್ತು. ಹಾಗಂತ ದೊಡ್ಡ ಸಾಹೇಬರೇ ಬಾಯಿಬಿಟ್ಟು ಹೇಳಿದ್ದರು.

ದರ್ಜಿ ಎಂದರೆ ಬಟ್ಟೆ ಹೊಲಿಯುವವನಲ್ಲ. ಆ ಕಚೇರಿಯಲ್ಲಿ ಮೂರು ವಿಭಾಗ. ಒಂದು, ಹಡಗಿನಿಂದ ನೀರೊಳಗೆ ಸದ್ದು ಬಿಟ್ಟು, ತಳಕ್ಕೆ ಬಡಿದು ಬರುವ ಪ್ರತಿಧ್ವನಿ ಕೇಳುತ್ತಿತ್ತು. ಇನ್ನೊಂದು, ಕಬ್ಬಿಣದ ಬಾಯಿ ಇಳಿಸಿ ತಳದ ಮಣ್ಣನ್ನೇ ಕಚ್ಚಿ ತರುತ್ತಿತ್ತು. ಮತ್ತೊಂದು, ಕ್ಯಾಮೆರಾ ಇಳಿಸಿ ಫೋಟೋ ತೆಗೆಯುತ್ತಿತ್ತು. ಮೂರರ ಮಾಹಿತಿಯನ್ನೂ ಒಂದೇ ನಕ್ಷೆಯಾಗಿ ಹೊಲಿಯುವುದು ನಮ್ಮವನ ಕೆಲಸ, ಅದಕ್ಕೇ ಆ ಹೆಸರು. ಮೂವರು ಮುಖ್ಯಸ್ಥರಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ಮಾತು ಬಿಟ್ಟು ಎಷ್ಟೋ ಕಾಲವಾಗಿತ್ತು. “ನಾನೆಲ್ಲಿ ವಿಜ್ಞಾನಿ? ಮೂರು ಅತ್ತೆಯರಿಗಿರೋ ಒಬ್ಬಳೇ ಸೊಸೆ” ಎಂದು ಅವನೇ ಹೇಳಿಕೊಂಡು ನಗುತ್ತಿದ್ದ.

ಬೆಳಿಗ್ಗೆ ಚಪ್ಪಲಿ ಮೆಟ್ಟುವಾಗಲೇ ಹೆಂಡತಿ ಬಾಗಿಲಿಗೆ ಬಂದಳು.

“ನೋಡಿ, ನಿಮ್ಮ ಕೆಲಸ ಕಾಯಂ ಆಯ್ತು ಅಂತ ಅಮ್ಮಂಗೆ ಹೇಳ್ಬಿಟ್ಟಿದೀನಿ. ನನ್ನ ಮಾನ ಕಾಪಾಡಿ.”

“ಆಗೋಕ್ ಮುಂಚೇನೇ ಹೇಳ್ಬಿಟ್ಯಾ?”

“ಆದ್ಮೇಲೆ ಹೇಳೋಣ ಅಂದ್ರೆ ಅಮ್ಮಂಗೂ ವಯಸ್ಸಾಯ್ತಲ್ರೀ.”

ಅವನು ಇನ್ನೊಂದು ಚಪ್ಪಲಿಯನ್ನೂ ಮೆಟ್ಟಿ ಹೊರಟ.

ಕಚೇರಿಗೆ ಬಂದವನೇ, ಆ ಖಾಲಿ ಜಾಗದಲ್ಲಿ ಏನಿದೆ ಎಂದು ಕೇಳಲು ಮೊದಲು ಸದ್ದಿನ ಸಾಹೇಬರ ಕೋಣೆ ಹೊಕ್ಕ. “ಬಂಡೆ ಕಣಯ್ಯಾ. ಸದ್ದು ಠಣ್ ಅಂತ ವಾಪಸ್ ಬಂದಿದೆ. ಬರ್ಕೋ” ಎಂದರು. ಮಣ್ಣಿನ ಮೇಡಂ ಜಾಡಿಯ ಮುಚ್ಚಳ ತೆಗೆದು ಮೂಗಿಗೇ ಹಿಡಿದರು. “ಇದು ಬಂಡೆ ವಾಸನೆನಾ? ಕೆಸರು! ಚೆನ್ನಾಗಿ ಮೂಸಿ ನೋಡು.” ಮೂಸಿದ. ಮಧ್ಯಾಹ್ನದ ಊಟ ಆಗಲೇ ಮುಗಿದ ಹಾಗಾಯಿತು. ಫೋಟೋ ಸಾಹೇಬರು ಹಣೆ ಚಚ್ಚಿಕೊಂಡರು. “ಚಿಪ್ಪು, ಬರೀ ಚಿಪ್ಪು! ಕಣ್ಣಾರೆ ಕಂಡವರನ್ನ ಬಿಟ್ಟು ಮೂಸಿದವರ ಮಾತು ಕೇಳ್ತೀಯಲ್ಲೋ!”

ಆಗ ನಮ್ಮವನ ತಲೆಗೊಂದು ಉಪಾಯ ಹೊಳೆಯಿತು. ಅವನ ತಲೆಗೆ ಉಪಾಯ ಹೊಳೆದಾಗಲೆಲ್ಲ ಕೇಡೇ ಆಗಿದೆ ಎನ್ನುವುದು ಅವನಿಗೂ ಗೊತ್ತು. ಆದರೂ ಸದ್ದಿನ ಸಾಹೇಬರ ಬಳಿ ಹೋಗಿ, “ಸಾರ್, ಮೇಡಂ ಬಂಡೆ ಅಂತ ಒಪ್ಕೊಂಡ್ರು” ಎಂದುಬಿಟ್ಟ. ಒಬ್ಬರು ಇಳಿದರೆ ಉಳಿದವರೂ ಇಳಿದಾರು ಎಂಬ ಆಸೆ.

ಸಾಹೇಬರು ಇಳಿಯಲಿಲ್ಲ, ಉಬ್ಬಿದರು. ಎಷ್ಟು ಉಬ್ಬಿದರೆಂದರೆ, ಧನ್ಯವಾದ ಹೇಳಲು ಮೇಡಂ ಕೋಣೆಗೇ ಹೊರಟರು! ತಡೆಯಲು ಹಿಂದೆಯೇ ಒಳನುಗ್ಗಿ ಅಡ್ಡ ಹೋದವನ ಮೊಣಕೈ ಮೇಡಂ ಮೇಜಿನ ಜಾಡಿಗೆ ತಗುಲಿತು. ತಳದ ಕೆಸರೆಲ್ಲ ಅವನ ಇಸ್ತ್ರಿ ಮಾಡಿದ ಅಂಗಿಯ ಮೇಲೆ.

“ನಾನ್ಯಾವಾಗ ಒಪ್ದೆ?” ಎಂದು ಮೇಡಂ ಎದ್ದರು. ಗಲಾಟೆ ಕೇಳಿ ಫೋಟೋ ಸಾಹೇಬರೂ ಬಂದರು. ಬೀದಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆದ ಹಾಗಾಯಿತು. ಮೂವರೂ ತಮ್ಮ ತಮ್ಮ ಹಾಳೆಗಳನ್ನು ಅವನ ಮುಂದೆ ಕುಕ್ಕಿ ಕೂಗಾಡತೊಡಗಿದರು.

ಬೈಗುಳದ ನಡುವೆ ಮುಖ ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯದೆ ದರ್ಜಿ ಹಾಳೆಗಳನ್ನೇ ನೋಡುತ್ತ ನಿಂತ. ನೋಡುತ್ತ ನೋಡುತ್ತ ತಟ್ಟನೆ ತಲೆಯೆತ್ತಿದ.

“ಒಂದ್ನಿಮಿಷ! ಮಂಚದ ಮೇಲೆ ಹಾಸಿಗೆ, ಹಾಸಿಗೆ ಮೇಲೆ ಹೊದಿಕೆ ಇರಲ್ವಾ, ಹಂಗೇ! ಅಡಿಯಲ್ಲಿ ಬಂಡೆ. ಅದರ ಮೇಲೆ ತೆಳ್ಳಗೆ ಕೆಸರು, ಸದ್ದು ಅದನ್ನ ದಾಟಿ ಹೋಗಿದೆ. ಕೆಸರಿನ ಮೇಲೆ ಚಿಪ್ಪು ಚೆಲ್ಲಿದೆ, ಫೋಟೋಗೆ ಅಷ್ಟೇ ಕಂಡಿದೆ. ಮೂವರೂ ಸರಿ!”

ಬದುಕಿನಲ್ಲಿ ಮೊದಲ ಸಲ ಅವನಿಗೆ ತಾನು ಬುದ್ಧಿವಂತ ಅನ್ನಿಸಿತು. ಆ ಸುಖ ಹೆಚ್ಚು ಹೊತ್ತು ಉಳಿಯಲಿಲ್ಲ.

“ಅಂದ್ರೆ… ಇವರೂ ಸರಿನಾ?” ಮೇಡಂ ಸದ್ದಿನ ಸಾಹೇಬರತ್ತ ಬೆರಳು ತೋರಿಸಿದರು.

“ನಾನು ತಪ್ಪಾದ್ರೂ ಪರವಾಗಿಲ್ಲ, ಇವರು ಸರಿ ಅನ್ನೋದನ್ನ ಒಪ್ಪಲ್ಲ” ಎಂದರು ಸದ್ದಿನ ಸಾಹೇಬರು.

“ನಮಗೆ ಪಾಠ ಹೇಳೋಕೆ ಬಂದ್ಯಾ? ಅದೂ ಕೆಸರು ಮೆತ್ಕೊಂಡು!” ಎಂದರು ಫೋಟೋ ಸಾಹೇಬರು.

ಮೂವರೂ ಸೇರಿ ನಕ್ಷೆ ಕಿತ್ತುಕೊಂಡು ಅವನನ್ನು ಆಚೆ ತಳ್ಳಿ ಬಾಗಿಲು ಹಾಕಿಕೊಂಡರು. ಒಳಗೆ ಗುಸುಗುಸು. ಆಮೇಲೆ, ದೇವರೇ, ನಗು! ಬಾಗಿಲು ತೆರೆದಾಗ ಆ ಉಗುರಗಲದ ಜಾಗಕ್ಕೆ ಬಣ್ಣ ಬಿದ್ದಿತ್ತು, ಕೆಳಗೆ ಮೂರು ರುಜು.

“ಜಲ್ಲಿಕಲ್ಲಾ?” ಆ ಬಣ್ಣ ಯಾವುದರದ್ದೆಂದು ಕಂಡು ದರ್ಜಿ ಕಂಗಾಲಾದ. “ಜಲ್ಲಿ ಅಂತ ಯಾರು ಹೇಳಿದ್ರು?”

“ಯಾರೂ ಹೇಳಿಲ್ಲ” ಎಂದರು ಮೇಡಂ. “ಅದಕ್ಕೇ ಮೂವರೂ ಒಪ್ಪಿದ್ವಿ.”

ನಕ್ಷೆ ಹಿಡಿದು ದೊಡ್ಡ ಸಾಹೇಬರ ಬಳಿಗೆ ಓಡಿದ. ಅವರು ಮೂರು ರುಜುಗಳನ್ನು ಕಂಡು ಕುರ್ಚಿಯಿಂದ ಎದ್ದೇ ಬಿಟ್ಟರು.

“ಸಾರ್, ಅಲ್ಲಿ ಜಲ್ಲಿ ಇಲ್ಲ ಸಾರ್…”

“ಜಲ್ಲಿ ಹಾಳಾಗ್ಲಿ ಬಿಡಯ್ಯಾ! ಮೂವರೂ ಒಟ್ಟಿಗೆ ಕೂತು ಮಾತಾಡಿದ್ರಾ? ನನ್ನ ಇಡೀ ಸರ್ವೀಸಲ್ಲಿ ನನ್ನ ಕೈಲಿ ಆಗದ್ದನ್ನ ಒಂದೇ ದಿನದಲ್ಲಿ ಮಾಡ್ಬಿಟ್ಟೆ!” ಸಾಹೇಬರು ಅವನ ಕೆಸರು ಹೆಗಲನ್ನು ಪ್ರೀತಿಯಿಂದ ತಟ್ಟಿದರು.

ದರ್ಜಿ ಮೆಲ್ಲಗೆ ಕೇಳಿದ. “ಹಂಗಾದ್ರೆ ಸಾರ್, ನನ್ನ ಕೆಲಸ?”

“ಯಾವ ಕೆಲಸ?” ಸಾಹೇಬರು ನಿಜವಾಗಿಯೂ ಅಚ್ಚರಿಪಟ್ಟರು. “ಅವರವರಿಗೆ ಆಗ್ತಾ ಇರಲಿಲ್ಲ, ಮಧ್ಯದಲ್ಲೊಬ್ಬ ಬೇಕು ಅಂತ ನಿನ್ನ ಇಟ್ಕೊಂಡಿದ್ವಿ. ಈಗ ಅವರೇ ಒಂದಾದ್ರಲ್ಲ, ಇನ್ನು ನೀನು ಯಾಕೆ?”